ಡ್ಯಾಂ ಎಷ್ಟಡಿ ಎಂದು ಕೇಳುವ ನಾವು ಗೋಡೆಯ ಲೆಕ್ಕವನ್ನೂ ಕೇಳೋಣ

ವಾಣಿವಿಲಾಸ ಸಾಗರದ ಅಚ್ಚುಕಟ್ಟಿನ ರೈತ ಬಂಧುಗಳಿಗೆ,



ನಮ್ಮ ಹಿರಿಯೂರು ಸೀಮೆಯಲ್ಲಿ ಮುಂಗಾರು ಕಾಲಿಟ್ಟರೆ ಟೀ ಅಂಗಡಿಯಲ್ಲಿ, ಸೊಸೈಟಿ ಜಗಲಿಯಲ್ಲಿ, ಬಸ್ಸಿನಲ್ಲಿ ಒಂದೇ ಮಾತು: "ಡ್ಯಾಂ ಎಷ್ಟಡಿ ಆಯ್ತಂತೆ?" ಕೇಳಿದವರಿಗೆ ಅಂಕಿ ಸಿಗುತ್ತದೆ. ಪತ್ರಿಕೆಯಲ್ಲಿ ಬರುತ್ತದೆ, ಮೊಬೈಲಿಗೂ ಬರುತ್ತದೆ. ತೆಂಗು ಅಡಿಕೆಯ ತೋಟ, ನಾಲೆಗೆ ನೀರು ಬಿಡುವ ದಿನ, ಸಾಲ ತೀರಿಸುವ ಭರವಸೆ, ಎಲ್ಲ ಆ ಅಂಕಿಯ ಮೇಲೆ ನಿಂತಿವೆ. ಈ ಅಭ್ಯಾಸವನ್ನು ನಾನು ತುಂಬಾ ಗೌರವಿಸುತ್ತೇನೆ. ಒಂದು ಇಡೀ ತಾಲ್ಲೂಕು ದಿನವೂ ಒಂದು ಅಳತೆಯ ಬೆನ್ನು ಹತ್ತುವುದು ಸಣ್ಣ ಮಾತಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಅಳತೆಯನ್ನೂ ಕೇಳಿ ಎಂದು ಬೇಡಿಕೊಳ್ಳಲು ಈ ಪತ್ರ. ನೀರು ಎಷ್ಟು ಏರಿತು ಎಂಬುದು ನಮಗೆ ಗೊತ್ತು. ಆ ನೀರಿಗೆ ಎದೆಯೊಡ್ಡಿ ನಿಂತ ಕಲ್ಲಿನ ಗೋಡೆ ಎಷ್ಟು ಮಣಿಯಿತು ಎಂದು ನಾವು ಕೇಳಿಯೇ ಇಲ್ಲ.

ಎರಡಕ್ಕೂ ನೇರ ಸಂಬಂಧವಿದೆ. ಕಟ್ಟೆ ತುಂಬಿದಾಗ ಇರುವ 130 ಅಡಿ ಎಂದರೆ ಸುಮಾರು 40 ಮೀಟರ್. ಅಷ್ಟು ಆಳದ ನೀರು ಗೋಡೆಯ ಉದ್ದದಲ್ಲಿ ಪ್ರತಿ ಒಂದು ಮೀಟರಿಗೂ ಹತ್ತಿರ ಹತ್ತಿರ 800 ಟನ್ ಭಾರದಷ್ಟು ತಳ್ಳುತ್ತದೆ. ನೀರು 65 ಅಡಿಗೆ ಇಳಿದರೆ ಈ ನೂಕು ಅರ್ಧಕ್ಕೆ ನಿಲ್ಲದೆ ಕಾಲುಭಾಗಕ್ಕೆ, 200 ಟನ್ನಿಗೆ ಇಳಿಯುತ್ತದೆ. ಆಳ ಹೆಚ್ಚಿದಂತೆ ನೀರಿನ ಒತ್ತಡವೂ ಹೆಚ್ಚುತ್ತದೆ, ಆ ಒತ್ತಡ ಬೀಳುವ ಗೋಡೆಯ ಎತ್ತರವೂ ಹೆಚ್ಚುತ್ತದೆ, ಎರಡೂ ಗುಣಿಸಿಕೊಳ್ಳುತ್ತವೆ. ಹಾಗಾಗಿ 40ರಿಂದ 50ಕ್ಕೆ ಏರುವ ಹತ್ತು ಅಡಿಗಿಂತ, 120ರಿಂದ 130ಕ್ಕೆ ಏರುವ ಹತ್ತು ಅಡಿ ಗೋಡೆಯ ಮೇಲೆ ಸುಮಾರು ಎರಡೂಮುಕ್ಕಾಲು ಪಟ್ಟು ಹೆಚ್ಚು ಭಾರ ಹಾಕುತ್ತದೆ. ನಾವು ಕೊನೆಯ ಅಡಿಗಳನ್ನು ಎಣಿಸಿ ಖುಷಿಪಡುವ ಹೊತ್ತಿನಲ್ಲೇ ಗೋಡೆಯ ದುಡಿಮೆ ಅತಿ ಹೆಚ್ಚು.

ಈ ಗೋಡೆಯ ವಯಸ್ಸು ನೆನಪಿರಲಿ. 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿದ ಕಟ್ಟೆ ಇದು. ಮಾರಿಕಣಿವೆಯ ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನದವರು ಕಲ್ಲು ಗಾರೆಯಲ್ಲಿ ಕಟ್ಟಿಸಿ, ನಾಲ್ವಡಿ ಕೃಷ್ಣರಾಜ ಒಡೆಯರ ತಾಯಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರಿಟ್ಟರು. ಸುಮಾರು 405 ಮೀಟರ್ ಉದ್ದ, 50 ಮೀಟರ್ ಎತ್ತರ, 30 ಟಿಎಂಸಿ ನೀರು. ತನ್ನ ಸ್ವಂತ ಭಾರದಿಂದಲೇ ನೀರನ್ನು ತಡೆದು ನಿಲ್ಲುವ ಜಾತಿಯ ಅಣೆಕಟ್ಟೆ. 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಆಮೇಲೆ 89 ವರ್ಷ ತುಂಬಲಿಲ್ಲ. 2022ರ ಸೆಪ್ಟೆಂಬರಿನಲ್ಲಿ ತುಂಬಿತು. 2025ರ ಜನವರಿಯಲ್ಲಿ ಮತ್ತೆ ತುಂಬಿತು. ನಾವೆಲ್ಲ ಹೋಗಿ ಕೋಡಿಯ ನೀರು ನೋಡಿ ಕಣ್ತುಂಬಿಸಿಕೊಂಡೆವು, ಬಾಗಿನ ಅರ್ಪಿಸಿದೆವು. ಗೋಡೆಯ ಕಡೆಯಿಂದ ಯೋಚಿಸಿ ನೋಡಿ: ಮೂರು ತಲೆಮಾರು ಪೂರ್ತಿ ಹೊರೆ ಹೊರದ ಗೋಡೆ ಎರಡೂವರೆ ವರ್ಷದೊಳಗೆ ಎರಡು ಸಲ ಅದನ್ನು ಹೊತ್ತಿತು. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗ ದಾಟಿ ಈ ಕಡೆ ಹರಿಯತೊಡಗಿದ ಮೇಲೆ ಇನ್ನು ಮುಂದೆ ಕಟ್ಟೆ ತುಂಬಿರುವ ದಿನಗಳೇ ಹೆಚ್ಚಲಿ ಎಂಬುದು ನಮ್ಮೆಲ್ಲರ ಆಸೆ. ಆ ಆಸೆಯ ಜೊತೆಗೆ ಒಂದು ಹೊಣೆಯೂ ಬರುತ್ತದೆ.

ಕಟ್ಟೆಗೆ ಏನೋ ಆಗಿದೆ ಎಂದು ನಾನು ಹೇಳುತ್ತಿಲ್ಲ. ಆ ಗೋಡೆಯ ಮೇಲೆ ನನಗೆ ಅಪಾರ ನಂಬಿಕೆಯಿದೆ. ನಂಬಿಕೆ ಇರುವಾಗಲೇ ಅಳೆಯಲು ಶುರುಮಾಡಬೇಕು. ಅನುಮಾನ ಬಂದ ಮೇಲೆ ಅಳೆದರೆ ಹೋಲಿಸಿ ನೋಡಲು ಹಳೆಯ ಅಳತೆಯೇ ಇರುವುದಿಲ್ಲ.

ಅಳೆಯುವುದು ಏನನ್ನು? ಯಾವ ವಸ್ತುವಿನ ಮೇಲೆ ಭಾರ ಬಿದ್ದರೂ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ ಇಲ್ಲವೇ ಕುಗ್ಗುತ್ತದೆ. ಕಲ್ಲೂ ಅಷ್ಟೆ, ಕಬ್ಬಿಣವೂ ಅಷ್ಟೆ. ಮೂಲ ಉದ್ದದಲ್ಲಿ ಎಷ್ಟು ಪಾಲು ಹಿಗ್ಗಿತು ಅಥವಾ ಕುಗ್ಗಿತು ಎಂಬುದನ್ನು ಎಂಜಿನಿಯರುಗಳು ಸ್ಟ್ರೇನ್ ಎನ್ನುತ್ತಾರೆ. ಒಂದು ಕಿಲೋಮೀಟರ್ ಉದ್ದದ ತಂತಿ ಒಂದೇ ಒಂದು ಮಿಲಿಮೀಟರ್ ಹಿಗ್ಗಿದರೆ ಅದು ಒಂದು ಮೈಕ್ರೊಸ್ಟ್ರೇನ್. ಅಣೆಕಟ್ಟೆಯಂಥ ಗೋಡೆಯಲ್ಲಿ ಹುಡುಕುವುದು ಇಂಥ ಹತ್ತಾರು ಮೈಕ್ರೊಸ್ಟ್ರೇನುಗಳ ಏರಿಳಿತವನ್ನು.

ಇಷ್ಟು ಸಣ್ಣ ಬದಲಾವಣೆಯನ್ನು ಹಿಡಿಯುವ ಸಾಧನಗಳಲ್ಲಿ ಒಂದು ಗಾಜಿನ ಎಳೆ. ನಮ್ಮ ಪಂಚಾಯಿತಿಗೆ ನೆಟ್ ತರುವ ಫೈಬರಿನ ಬಂಧುವೇ ಅದು. ಅದರ ದಪ್ಪ ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಓಡುವ ನಡುತಿರುಳು ಇನ್ನೂ ಸಣ್ಣದು, ಎಂಟೊಂಬತ್ತು ಮೈಕ್ರಾನ್ ಅಷ್ಟೆ. 1978ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಕೆನ್ ಹಿಲ್ ಮತ್ತು ಸಂಗಡಿಗರು ಇಂಥ ಎಳೆಯೊಳಗೆ ಲೇಸರ್ ಬೆಳಕು ಹಾಯಿಸುತ್ತಿದ್ದಾಗ, ಬೆಳಕು ಗಾಜಿನ ಗುಣವನ್ನೇ ಶಾಶ್ವತವಾಗಿ ಬದಲಿಸುವುದನ್ನು ಕಂಡರು. 1989ರಲ್ಲಿ ಅಮೆರಿಕದ ಜೆರಾಲ್ಡ್ ಮೆಲ್ಟ್ಜ್ ತಂಡ ಪಕ್ಕದಿಂದ ಅತಿನೇರಳೆ ಬೆಳಕು ಹಾಯಿಸಿ, ಬೇಕಾದ ಕಡೆ, ಬೇಕಾದ ಅಂತರದಲ್ಲಿ ತಿರುಳಿನೊಳಗೆ ಗೆರೆಗಳನ್ನು ಬರೆಯುವ ದಾರಿ ತೋರಿಸಿತು. ಎಕ್ಸ್‌ರೇ ಬಳಸಿ ಹರಳುಗಳ ಒಳರಚನೆ ಬಿಡಿಸಿ 1915ರಲ್ಲಿ ನೊಬೆಲ್ ಪಡೆದ ತಂದೆ ಮಗ ಬ್ರಾಗ್‌ರ ಹೆಸರಿನಲ್ಲಿ ಇದನ್ನು ಫೈಬರ್ ಬ್ರಾಗ್ ಗ್ರೇಟಿಂಗ್ ಎಂದು ಕರೆಯುತ್ತಾರೆ.

ಗೆರೆಯಿಂದ ಗೆರೆಗೆ ಇರುವ ಅಂತರ ಅರ್ಧ ಮೈಕ್ರಾನಿಗಿಂತ ತುಸು ಹೆಚ್ಚು. ಎಳೆಯೊಳಗೆ ಹಲವು ಬಣ್ಣದ ಬೆಳಕು ಬಿಟ್ಟರೆ, ಈ ಅಂತರಕ್ಕೆ ಹೊಂದುವ ಒಂದೇ ಬಣ್ಣ ಹಿಂದಕ್ಕೆ ಚಿಮ್ಮುತ್ತದೆ, ಉಳಿದದ್ದು ಮುಂದೆ ಹೋಗುತ್ತದೆ. ಎಳೆಯನ್ನು ಗೋಡೆಗೆ ಬಿಗಿಯಾಗಿ ಅಂಟಿಸಿದ್ದರೆ ಗೋಡೆ ಹಿಗ್ಗಿದಾಗ ಎಳೆಯೂ ಹಿಗ್ಗುತ್ತದೆ; ಹಾರ್ಮೋನಿಯಂ ತಿದಿಯನ್ನು ಎಳೆದಾಗ ಮಡಿಕೆಗಳ ನಡುವಿನ ಅಂತರ ಹೆಚ್ಚುವಂತೆ ಗೆರೆಗಳು ದೂರವಾಗುತ್ತವೆ, ಮರಳಿ ಬರುವ ಬಣ್ಣ ಬದಲಾಗುತ್ತದೆ. ಸಾಮಾನ್ಯವಾಗಿ ಬಳಸುವ 1550 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಒಂದು ಮೈಕ್ರೊಸ್ಟ್ರೇನಿಗೆ ಬಣ್ಣ ಸರಿಯುವುದು 1.2 ಪಿಕೊಮೀಟರ್. ಅದನ್ನು ಓದುವ ಪೆಟ್ಟಿಗೆ ದೂರದ ಕೋಣೆಯಲ್ಲಿದ್ದರೆ ಸಾಕು. ಗೋಡೆಯ ಮೇಲೆ ಕರೆಂಟ್ ಇಲ್ಲ, ತುಕ್ಕು ಹಿಡಿಯುವ ತಂತಿಯಿಲ್ಲ, ಸಿಡಿಲಿಗೆ ಸುಟ್ಟುಹೋಗುವ ಭಾಗವೂ ಇಲ್ಲ. ಬಯಲಿನಲ್ಲಿ, ನೀರಿನ ಪಕ್ಕದಲ್ಲಿ, ದಶಕಗಳ ಕಾಲ ನಿಲ್ಲಬೇಕಾದ ಸಾಧನಕ್ಕೆ ಈ ಮೂರು ಗುಣ ದೊಡ್ಡವು.

ಬಾಗುವುದನ್ನು ಅಳೆಯಲು ಒಂದು ಎಳೆ ಸಾಲದು, ಎರಡು ಬೇಕು. ಒಂದು ತೊಲೆ ಕೆಳಕ್ಕೆ ಬಾಗಿದರೆ ಅದರ ಮೇಲ್ಮೈ ಕುಗ್ಗುತ್ತದೆ, ತಳಮೈ ಹಿಗ್ಗುತ್ತದೆ. ಮೇಲೊಂದು, ಕೆಳಗೊಂದು ಎಳೆ ಅಂಟಿಸಿ ಎರಡರ ವ್ಯತ್ಯಾಸವನ್ನು ಅವುಗಳ ನಡುವಿನ ದೂರದಿಂದ ಭಾಗಿಸಿದರೆ ಬಾಗು ಸಿಕ್ಕಿತು. ಲೆಕ್ಕ ಮಾಡಿ ನೋಡಿ: ಎಳೆಗಳ ನಡುವೆ 10 ಸೆಂಟಿಮೀಟರ್, ವ್ಯತ್ಯಾಸ 100 ಮೈಕ್ರೊಸ್ಟ್ರೇನ್. ಆ ತೊಲೆ ಒಂದು ಕಿಲೋಮೀಟರ್ ತ್ರಿಜ್ಯದ ವೃತ್ತದ ತುಣುಕಾಗಿ ಬಾಗಿದೆ. ಹತ್ತು ಮೀಟರ್ ಉದ್ದಕ್ಕೂ ಅದೇ ಬಾಗು ಇದ್ದರೆ ನಡುವೆ ಒಂದೂಕಾಲು ಸೆಂಟಿಮೀಟರ್ ತಗ್ಗುತ್ತದೆ. ಕಣ್ಣಿಗೆ ಅನುಮಾನವೂ ಬಾರದ ಬಾಗನ್ನು ಗಾಜಿನ ಎರಡು ಎಳೆಗಳು ಅಂಕಿಯಲ್ಲಿ ಹೇಳುತ್ತವೆ. ಅಣೆಕಟ್ಟೆಯಲ್ಲೂ ಹೀಗೇ: ನೀರು ಏರಿದಾಗ ನೀರಿನ ಕಡೆಯ ಬುಡದಲ್ಲಿ ಕಲ್ಲಿನ ಮೇಲಿನ ಅದುಮು ಕಡಿಮೆಯಾಗುತ್ತದೆ, ಕೆಳಗಿನ ಹೊಲಗಳ ಕಡೆಯ ಬುಡದಲ್ಲಿ ಹೆಚ್ಚುತ್ತದೆ. ಎರಡೂ ಕಡೆ ಅಳೆದರೆ ಗೋಡೆ ಎಷ್ಟು ಮಣಿಯಿತು ಎಂಬುದು ತಿಳಿಯುತ್ತದೆ. ನೀರು ಇಳಿದಾಗ ಅಷ್ಟೂ ಹಿಂದಕ್ಕೆ ಬಂತೇ ಎಂಬುದೂ ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಎರಡನೆಯ ಪ್ರಶ್ನೆಯೇ ಮುಖ್ಯ. ಮಣಿಯುವುದು ಸಹಜ. ಮಣಿದದ್ದು ಮರಳದಿದ್ದರೆ ಎಂಜಿನಿಯರ್ ಕೂಡಲೇ ಹೋಗಿ ನೋಡಬೇಕು.

ಇದೆಲ್ಲ ಹೊರದೇಶದ ಮಾತು ಎಂದು ತಳ್ಳಿಹಾಕಬೇಡಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನ ವಿಜ್ಞಾನಿಗಳು ಇಸ್ರೇಲಿನ ತಜ್ಞರ ಜೊತೆ ಸೇರಿ ನಮ್ಮ ನಿಶಾಂತ್ ಎಂಬ ಪೈಲಟ್ ಇಲ್ಲದ ವಿಮಾನದ ಬಾಲ ಹಿಡಿದಿರುವ ತೋಳುಗಳ ಒಳಗೇ, ತಯಾರಿಸುವ ಹಂತದಲ್ಲೇ, ಇಂಥ ಎಳೆಗಳನ್ನು ಹುದುಗಿಸಿದರು. ಹಾರುತ್ತಿರುವಾಗಲೇ ತೋಳಿನ ಸ್ಟ್ರೇನ್ ಅಳೆದು 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಶಾಂತ್‌ಗೆ ಚಕ್ರವಿರಲಿಲ್ಲ, ಪ್ಯಾರಾಚೂಟಿನಲ್ಲಿ ಇಳಿಯುತ್ತಿತ್ತು, ನೆಲಕ್ಕೆ ತಾಗುವಾಗ ಏಟು ತಿನ್ನುತ್ತಿತ್ತು. ಒಳಗಿನ ಎಳೆ ಆ ಏಟಿನ ಲೆಕ್ಕವನ್ನೂ ಇಡಬಲ್ಲದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಎಸ್. ಅಶೋಕನ್ ಅವರ ತಂಡ ಇದೇ ಗ್ರೇಟಿಂಗ್‌ನಿಂದ ಮನುಷ್ಯರ ನಾಡಿ ಮಿಡಿತವನ್ನೂ, ನಿಂತಾಗ ಅಂಗಾಲಿನ ಮೇಲೆ ಬೀಳುವ ಭಾರದ ಹಂಚಿಕೆಯನ್ನೂ ಅಳೆದಿದೆ.

ಪೈಲಟ್ ಇಲ್ಲದ ವಿಮಾನ ನಮ್ಮ ತಾಲ್ಲೂಕಿಗೆ ಅಪರಿಚಿತವೂ ಅಲ್ಲ. ಚಳ್ಳಕೆರೆ ಬಯಲಿನ ಡಿಆರ್‌ಡಿಒ ಪರೀಕ್ಷಾ ಕೇಂದ್ರದಿಂದ ಹಾರಿದ ತಪಸ್ ಎಂಬ ಅಂಥ ವಿಮಾನವೊಂದು 2023ರ ಆಗಸ್ಟ್ 20ರಂದು ನಮ್ಮ ವದ್ದಿಕೆರೆಯ ಹೊಲದಲ್ಲಿ ಬಿದ್ದದ್ದು ನಿಮಗೆಲ್ಲ ನೆನಪಿದೆ. ಅದರ ಕಾರಣಕ್ಕೂ ನನ್ನ ವಿಷಯಕ್ಕೂ ನಂಟು ಕಟ್ಟುತ್ತಿಲ್ಲ. ಆದರೆ ರೆಕ್ಕೆಯ ಬಾಗನ್ನು ಅಳೆಯಬೇಕೆಂಬ ಪಾಠ ಅಮೆರಿಕದ ನಾಸಾಗೆ ಬಂದದ್ದು ಒಂದು ಅಪಘಾತದಿಂದಲೇ. 2003ರ ಜೂನ್ 26ರಂದು ಹವಾಯಿಯಲ್ಲಿ 75 ಮೀಟರ್ ರೆಕ್ಕೆಯ ಹೀಲಿಯೋಸ್ ಎಂಬ ಸೌರ ವಿಮಾನ ಗಾಳಿಯ ಕುಲುಕಾಟಕ್ಕೆ ಸಿಕ್ಕಿ, ರೆಕ್ಕೆ ಮಿತಿಮೀರಿ ಮೇಲಕ್ಕೆ ಬಾಗಿ, ತೂಗಾಡಿ, ಮುರಿದು ಸಮುದ್ರಕ್ಕೆ ಬಿತ್ತು. ಆ ನಂತರ ನಾಸಾದ ಎಂಜಿನಿಯರುಗಳು ರೆಕ್ಕೆಯ ಉದ್ದಕ್ಕೂ ಫೈಬರ್ ಎಳೆದು, ಹಾರಾಟದಲ್ಲೇ ಅದರ ಆಕಾರವನ್ನು ಲೆಕ್ಕಹಾಕುವ ವ್ಯವಸ್ಥೆ ಬೆಳೆಸಿದರು.

ಇನ್ನು ಕಷ್ಟದ ಮಾತು. ಈ ಎಳೆಗೆ ಭಾರವೂ ಬಿಸಿಲೂ ಒಂದೇ ರೀತಿ ಕಾಣುತ್ತವೆ. ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಬಣ್ಣ ಸುಮಾರು 10 ಪಿಕೊಮೀಟರ್ ಸರಿಯುತ್ತದೆ, ಅಂದರೆ ಎಂಟು ಮೈಕ್ರೊಸ್ಟ್ರೇನ್ ಭಾರ ಬಿದ್ದಷ್ಟೇ. ನಮ್ಮ ಏಪ್ರಿಲ್ ತಿಂಗಳಲ್ಲಿ ಬೆಳಗಿನ ತಂಪಿಗೂ ಮಧ್ಯಾಹ್ನದ ಕಾವಿಗೂ 15 ಡಿಗ್ರಿ ಅಂತರವಿದ್ದರೆ, ಗೋಡೆಗೆ ಏನೂ ಆಗದೆಯೂ 120 ಮೈಕ್ರೊಸ್ಟ್ರೇನ್ ಕಂಡುಬರುತ್ತದೆ. ಹಾಗಾಗಿ ಪ್ರತಿ ಜಾಗದಲ್ಲೂ ಭಾರ ತಾಗದಂತೆ ಸಡಿಲವಾಗಿ ಇಟ್ಟ ಇನ್ನೊಂದು ಎಳೆ ಬೇಕು. ಅದು ಬಿಸಿಯನ್ನು ಮಾತ್ರ ಹೇಳುತ್ತದೆ, ಅದನ್ನು ಕಳೆದರೆ ಭಾರ ಉಳಿಯುತ್ತದೆ. ಗೋಡೆ ಕೂಡ ಬಿಸಿಲಿಗೆ ನಿಜವಾಗಿಯೇ ಅಲುಗುತ್ತದೆ. ಹೊಲಗಳ ಕಡೆಯ ಮೈ ಕಾದು ಹಿಗ್ಗಿದಾಗ, ನೀರಿನ ಕಡೆಯ ಮೈ ತಂಪಾಗಿಯೇ ಇರುತ್ತದೆ. ಕನಿಷ್ಠ ಒಂದು ಪೂರ್ತಿ ವರ್ಷ ಅಳೆಯದೆ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ: ಯಾರೋ ಒಂದು ದಿನದ ಅಂಕಿ ಹಿಡಿದು ವಾಟ್ಸಾಪಿನಲ್ಲಿ "ಡ್ಯಾಂ ಬಾಗಿದೆ" ಎಂದು ಹರಡಿದರೆ, ಬಿಸಿಲಿನ ಲೆಕ್ಕ ಕಳೆದಿದ್ದೀರಾ ಎಂದು ಮೊದಲು ನೀವೇ ಕೇಳಬೇಕು.

ಸೋರಿಕೆ ಹಿಡಿಯುವ ಕೆಲಸದಲ್ಲಿ ಈ ಬಿಸಿಯ ಗುಣವೇ ಉಪಕಾರಕ್ಕೆ ಬರುತ್ತದೆ. ಗ್ರೇಟಿಂಗ್ ಬರೆಯದ ಸಾದಾ ಫೈಬರಿನಲ್ಲಿ ಬೆಳಕಿನ ಮಿಡಿತ ಓಡುವಾಗ ಪ್ರತಿ ಜಾಗದಿಂದಲೂ ತುಸು ಬೆಳಕು ಹಿಂದಕ್ಕೆ ಚದುರುತ್ತದೆ. ಅದರಲ್ಲಿ ಒಂದು ಬಗೆ, ಸರ್ ಸಿ.ವಿ. ರಾಮನ್ 1928ರಲ್ಲಿ ಕಂಡ ಚದುರುವಿಕೆ. ಬೆಂಗಳೂರಿನಲ್ಲಿ ನೆಲೆಸಿ 1970ರಲ್ಲಿ ಅಲ್ಲೇ ಕಣ್ಮುಚ್ಚಿದ ಆ ಮಹಾನುಭಾವರ ಪರಿಣಾಮದಿಂದ ಇಂದು ಕಿಲೋಮೀಟರುಗಟ್ಟಲೆ ಉದ್ದದ ಒಂದೇ ಎಳೆಯಲ್ಲಿ ಮೀಟರ್ ಮೀಟರಿನ ಉಷ್ಣತೆ ಓದುತ್ತಾರೆ. ನೀರು ಎಲ್ಲಿ ಜಿನುಗುತ್ತದೋ ಅಲ್ಲಿ ಉಷ್ಣತೆ ಬೇರೆ. ಬ್ರಿಲ್ವಾ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರಿನ ಇನ್ನೊಂದು ಚದುರುವಿಕೆ ಸ್ಟ್ರೇನನ್ನೂ ಹೇಳುತ್ತದೆ. ನಮ್ಮ ನಾಲೆಗಳ ಏರಿಗೂ ಇದು ಒದಗುವಂಥದ್ದು, ಆದರೆ ಅದು ಬೇರೆಯೇ ಪತ್ರದ ವಿಷಯ.

ಹಳೆಯ ಗೋಡೆಗೆ ಎಳೆ ಕಟ್ಟುವುದರಲ್ಲಿ ಇನ್ನೂ ಎರಡು ಸಂಗತಿ ನೀವು ತಿಳಿದಿರಬೇಕು. ಮೊದಲನೆಯದು: ಅಂಟಿಸಿದ ದಿನದಿಂದ ಆದ ಬದಲಾವಣೆಯನ್ನು ಮಾತ್ರ ಎಳೆ ಹೇಳುತ್ತದೆ. ಅದಕ್ಕೂ ಮುಂಚಿನ ನೂರಕ್ಕೂ ಹೆಚ್ಚು ವರ್ಷ ಗೋಡೆ ಏನು ಹೊತ್ತಿತು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಆದ್ದರಿಂದ ನೀರು ಕೆಳಗಿರುವಾಗ ಮೊದಲ ಓದು ತೆಗೆದುಕೊಂಡು, ತುಂಬುತ್ತಾ ಹೋದಂತೆ ಜೊತೆಜೊತೆಗೆ ಬರೆದಿಡಬೇಕು. ಎರಡನೆಯದು: ಕಲ್ಲಿನ ಗೋಡೆಯಲ್ಲಿ ಒಂದು ಸೆಂಟಿಮೀಟರಿನ ಗ್ರೇಟಿಂಗನ್ನು ಒಂದೇ ಕಲ್ಲಿಗೆ ಅಂಟಿಸಿದರೆ ಆ ಕಲ್ಲಿನ ಸುದ್ದಿ ಸಿಗುತ್ತದೆ, ಗೋಡೆಯದು ಸಿಗುವುದಿಲ್ಲ. ಬದಲಾವಣೆ ಮೊದಲು ಕಾಣುವುದು ಗಾರೆಯ ಸಂದುಗಳಲ್ಲಿ. ಹಲವು ಸಂದುಗಳನ್ನು ದಾಟಿ ಹಿಡಿಯುವ ಒಂದೆರಡು ಮೀಟರ್ ಉದ್ದದ ಸಾಧನವೇ ಬೇಕು. ಅಂಟು ಜಾರಿದರೆ ಅಂಕಿ ಸುಳ್ಳಾಗುತ್ತದೆ, ಅದರ ತಪಾಸಣೆಯೂ ಬೇಕು.

ಖರ್ಚಿನ ಮಾತನ್ನೂ ಮುಚ್ಚಿಡುವುದಿಲ್ಲ. ಎಳೆ ಅಗ್ಗ, ಓದುವ ಪೆಟ್ಟಿಗೆ ದುಬಾರಿ, ಅದು ಲಕ್ಷಗಳ ಲೆಕ್ಕ. ಗೋಡೆಯ ವಾಲುವಿಕೆ ತೋರಿಸುವ ತೂಗುಗುಂಡು, ಜಿನುಗುವ ನೀರನ್ನು ಅಳೆಯುವ ವಿ ಆಕಾರದ ಕಚ್ಚು, ಗುರುತುಗಳಿಟ್ಟು ಮಾಡುವ ಸರ್ವೆ, ಇವು ಹಳೆಯ, ನಂಬಿಕಸ್ತ ಉಪಾಯಗಳು. ಇವನ್ನು ಸರಿಯಾಗಿ ನಡೆಸದೆ ಫೈಬರ್ ಕಟ್ಟಿ ಉದ್ಘಾಟನೆ ಮಾಡಿದರೆ ಅದು ಬರೀ ಅಲಂಕಾರ. ಇವು ನಡೆಯುತ್ತಿದ್ದು, ಅದರ ಮೇಲೆ ಫೈಬರ್ ಬಂದರೆ, ತಿಂಗಳಿಗೊಮ್ಮೆ ಸಿಗುವ ಅಂಕಿ ಗಂಟೆಗೊಮ್ಮೆ ಸಿಗುತ್ತದೆ. ಅದು ನಿಜವಾದ ಲಾಭ.

ಇಷ್ಟೆಲ್ಲ ಅಳತೆ ಯಾಕೆ ಎಂದರೆ ಒಂದು ಘಟನೆ ನೆನಪಿಸುತ್ತೇನೆ: 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ನೀರು ಕಣ್ಣೆದುರೇ ನದಿಗೆ ಹರಿದು ಹೋಗುವಾಗ ಅಲ್ಲಿನ ಅಚ್ಚುಕಟ್ಟಿನ ರೈತರು ಎರಡನೇ ಬೆಳೆ ಹೋಯಿತೆಂದು ಎಷ್ಟು ಕಂಗಾಲಾದರು ಎಂದು ನಾವು ಟಿವಿಯಲ್ಲಿ ನೋಡಿದೆವು. ಅದು ಗೇಟಿನ ವಿಷಯ, ನಮ್ಮದು ಗೋಡೆಯ ವಿಷಯ, ಎರಡನ್ನೂ ಬೆರೆಸಬಾರದು. ಆದರೂ ಒಂದು ಮಾತು ಎರಡಕ್ಕೂ ಸಲ್ಲುತ್ತದೆ: ದಶಕಗಳಿಂದ ಭಾರ ಹೊತ್ತ ವಸ್ತುವಿನ ಮೇಲೆ ಎಷ್ಟು ಭಾರವಿದೆ ಎಂಬ ಲೆಕ್ಕ ಯಾರದಾದರೂ ಕೈಯಲ್ಲಿ ಇರಲೇಬೇಕು, ಆ ಲೆಕ್ಕ ಅದನ್ನು ನಂಬಿ ಬದುಕುವವರಿಗೂ ತಿಳಿಯಬೇಕು.

ನಿಮ್ಮಲ್ಲಿ ಕೆಲವರು ಕೇಳಬಹುದು, ಪಂಚಾಯಿತಿಗೆ ಬಂದ ನೆಟ್ ಕೇಬಲನ್ನೇ ಇದಕ್ಕೆ ಬಳಸಬಾರದೇ ಎಂದು. ಸ್ಟ್ರೇನ್ ಅಳೆಯಲು ಅದು ಆಗುವುದಿಲ್ಲ. ಆ ಕೇಬಲಿನಲ್ಲಿ ಎಳೆಗಳನ್ನು ಕೊಳವೆಯೊಳಗೆ ಸಡಿಲವಾಗಿ, ಜೆಲ್ ತುಂಬಿ ಇಟ್ಟಿರುತ್ತಾರೆ. ಹೊರಗಿನ ಎಳೆತ ಎಳೆಗೆ ತಾಗಬಾರದು ಎಂಬುದೇ ಅದರ ಉದ್ದೇಶ. ನಮಗೆ ಬೇಕಾದದ್ದು ತದ್ವಿರುದ್ಧ. ಆದರೆ ಬಾಗಿದರೆ ಫೈಬರ್ ಏನು ಮಾಡುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಲು ಅದೇ ಸಾಕು. ಕೇಬಲ್ ಕೆಲಸದವರ ಬಳಿ ಬೆಳಕಿನ ಪವರ್ ಮೀಟರ್ ಇರುತ್ತದೆ. ಉಳಿದ ತುಂಡು ಫೈಬರನ್ನು ಪೆನ್ಸಿಲಿಗೆ ನಾಲ್ಕು ಸುತ್ತು ಸುತ್ತಿದರೆ ಬಾಗಿದಲ್ಲಿ ಬೆಳಕು ಹೊರಗೆ ಸೋರಿ ಮೀಟರಿನ ಅಂಕಿ ಇಳಿಯುತ್ತದೆ, ಬಿಚ್ಚಿದರೆ ಏರುತ್ತದೆ. ಬೆಳಕಿನಿಂದ ಬಾಗನ್ನು ಅಳೆಯುವ ಅತ್ಯಂತ ಸರಳ ವಿಧಾನ ಅದು. ಎಳೆಯ ತುದಿಯನ್ನು ಮಾತ್ರ ಕಣ್ಣಿಗೆ ಹಿಡಿಯಬಾರದು. ಅದರ ಬೆಳಕು ಕಾಣುವುದಿಲ್ಲ, ಕಣ್ಣಿಗೆ ಹಾನಿ. ಚಳ್ಳಕೆರೆಯ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಮೇಷ್ಟ್ರುಗಳಿಗೆ ತರಬೇತಿ ನಡೆಯುತ್ತದೆ. ಜಿಲ್ಲೆಯೊಳಗೇ ಇಂಥ ಜಾಗವಿರುವಾಗ ನಮ್ಮ ಕಾಲೇಜುಗಳ ಹುಡುಗ ಹುಡುಗಿಯರು ನಮ್ಮದೇ ಕಟ್ಟೆಯ ಅಂಕಿಗಳನ್ನು ಓದಲು ಕಲಿಯಬೇಕು. ನಮ್ಮೂರಿನ ಬಬ್ಬೂರು ಫಾರಂ ಎಂಬ ಕೃಷಿ ಸಂಶೋಧನಾ ಕೇಂದ್ರದ ಮಳೆ ಲೆಕ್ಕವನ್ನು ನಾವು ನಂಬುವುದು, ಅದನ್ನು ಅಳೆಯುವವರು ನಮ್ಮ ನಡುವೆಯೇ ಇದ್ದಾರೆ ಎಂಬ ಕಾರಣಕ್ಕೆ; ಕಟ್ಟೆಯ ಅಂಕಿಗೂ ಅದೇ ನಂಬಿಕೆ ಬರಬೇಕು.

ಕಾನೂನು ನಮ್ಮ ಕಡೆಯೇ ಇದೆ. 2021ರ ಅಣೆಕಟ್ಟೆ ಸುರಕ್ಷತಾ ಕಾಯ್ದೆ ಪ್ರಕಾರ 15 ಮೀಟರಿಗಿಂತ ಎತ್ತರದ ಅಣೆಕಟ್ಟೆಗಳಲ್ಲಿ ವರ್ತನೆ ಅಳೆಯುವ ಉಪಕರಣಗಳನ್ನು ಇಟ್ಟು, ಓದುಗಳನ್ನು ದಾಖಲಿಸುವುದು ಒಡೆತನದವರ ಕರ್ತವ್ಯ. ಆ ದಾಖಲೆಗಳನ್ನು ಕೇಳಿ ಪಡೆಯಲು ಮಾಹಿತಿ ಹಕ್ಕು ಕಾಯ್ದೆ 2005ರಿಂದ ಇದೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಬರುವ ಗ್ರಾಮಸಭೆಯಲ್ಲಿ, ನಮ್ಮ ಬಬ್ಬೂರಿನಲ್ಲೂ ನಿಮ್ಮ ನಿಮ್ಮ ಊರುಗಳಲ್ಲೂ, ಒಂದು ಠರಾವು ಮಾಡಿ. ಮಾರಿಕಣಿವೆ ಗೋಡೆಯ ಮೇಲೆ ಈಗ ಯಾವ ಉಪಕರಣಗಳಿವೆ, 2022 ಮತ್ತು 2025ರಲ್ಲಿ ತುಂಬಿದಾಗ ಅವು ಏನು ಹೇಳಿದವು ಎಂಬುದನ್ನು ಕನ್ನಡದಲ್ಲಿ ತಿಳಿಸಿ ಎಂದು ಜಲಸಂಪನ್ಮೂಲ ಇಲಾಖೆಯನ್ನು ಕೇಳಿ. ಗೋಡೆಯ ಎರಡೂ ಬದಿಗೆ ಫೈಬರ್ ಸೆನ್ಸರ್ ಅಳವಡಿಸುವ ಬಗ್ಗೆ ಎನ್‌ಎಎಲ್ ಅಥವಾ ವಿಜ್ಞಾನ ಸಂಸ್ಥೆಯ ತಜ್ಞರಿಂದ ವರದಿ ತರಿಸಿ ಎಂದು ಕೇಳಿ. ಸಿಗುವ ಅಂಕಿಗಳನ್ನು, ನೀರಿನ ಅಡಿಯ ಜೊತೆಯಲ್ಲೇ, ಪ್ರತಿ ಪಂಚಾಯಿತಿಯ ಬೋರ್ಡಿನ ಮೇಲೆ ಬರೆಸಿ ಎಂದೂ ಕೇಳಿ. ಠರಾವಿನ ಕರಡು ಬರೆದುಕೊಡಲು, ಅಂಕಿ ಬಂದ ಮೇಲೆ ಊರೂರಿಗೆ ಬಂದು ಅರ್ಥ ವಿವರಿಸಲು ನಾನು ಸಿದ್ಧನಿದ್ದೇನೆ. ಮೊದಲ ಓದನ್ನು ನೀರು ಕೆಳಗಿರುವಾಗಲೇ ತೆಗೆಯಬೇಕಾದ್ದರಿಂದ ದಯವಿಟ್ಟು ಈ ಅರ್ಜಿಯನ್ನು ಮಳೆಗೆ ಮುಂಚೆಯೇ ಕೊಡಿ.

ಇಂತಿ ನಿಮ್ಮವ,
ಬಬ್ಬೂರಿನ ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರು